ಐದನೆಯ ಗೋಡೆ

ಈ ಬೇಸಿಗೆ ರಜೆಗೆ ಬೆಳಗಾವಿಯಿಂದ ಗೋಕಾಕಿಗೆ ಬಂದ ಮೊಮ್ಮಗ ಎರಡು ದಿನ ಚೆನ್ನಾಗಿಯೇ ಇದ್ದ. ಮೂರನೆಯ ದಿನ ಮಧ್ಯಾಹ್ನ ಮಂಚದ ಮೇಲೆ ಅಂಗಾತ ಮಲಗಿ ಕಮ್ಮಾರನ ತಿದಿಯ ಹಾಗೆ ಬುಸ್ ಬುಸ್ ಎಂದು ಉಸಿರಾಡತೊಡಗಿದ. ಇಪ್ಪತ್ತು ಸಲ ಹಾಗೆ ಮಾಡಿ, ಗಲ್ಲ ಉಬ್ಬಿಸಿ, ಕಣ್ಣು ಮುಚ್ಚಿ ಸುಮ್ಮನಾಗಿಬಿಟ್ಟ. ಅಡುಗೆಮನೆಯಿಂದ ಅವನ ಅಜ್ಜಿ ಸೌಟು ಹಿಡಿದುಕೊಂಡೇ ಓಡಿಬಂದಳು.

"ಏನಾತೋ ನಿನಗ? ಯಾಕ ಹಂಗ ಮಾಡಾಕತ್ತೀ?"

ಅವನು ಉತ್ತರ ಕೊಡಲಿಲ್ಲ. ಎದೆಯ ಮೇಲಿದ್ದ ಮೊಬೈಲಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಕೊನೆಗೆ ಮುಖ ಕೆಂಪಾಗಿ ಎದ್ದು ಕುಳಿತು, "ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡ್! ನಿನ್ನೆಗಿಂತ ಹದಿನೆಂಟು ಜಾಸ್ತಿ" ಎಂದು ಕುಣಿದ.

ವಿಷಯ ಇಷ್ಟು. ಅವನು ಎಂಟನೆಯ ತರಗತಿ. ಬೆಳಗಾವಿಯಲ್ಲಿ ಈಜು ಕಲಿಯುತ್ತಾನೆ. ಈಜುಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ, ಅಂದರೆ 25 ಮೀಟರ್, ನೀರಿನ ಒಳಗೇ ಒಂದೇ ಉಸಿರಿನಲ್ಲಿ ಹೋಗಬೇಕೆಂಬುದು ಅವನ ಈ ವರ್ಷದ ಹಟ. ಸದ್ಯ ಅರ್ಧದಾಟಿ ಸ್ವಲ್ಪ ದೂರಕ್ಕೆ ತಲೆ ಎತ್ತಿಬಿಡುತ್ತಾನೆ. ಯಾವುದೋ ವಿಡಿಯೋದಲ್ಲಿ, ಮುಳುಗುವ ಮೊದಲು ಜೋರಾಗಿ ಇಪ್ಪತ್ತು ಸಲ ಉಸಿರಾಡಿದರೆ ಹೆಚ್ಚು ಹೊತ್ತು ತಡೆಯಬಹುದು ಎಂದು ನೋಡಿದ್ದಾನೆ.

ಆ ಬುಸ್ ಬುಸ್ ಸದ್ದು ಕೇಳಿ ನನ್ನ ಕೈಕಾಲು ತಣ್ಣಗಾಗಿದ್ದವು. ಅರವತ್ತು ವರ್ಷದ ಹಿಂದೆ ಅದೇ ಸದ್ದನ್ನು ನಾನು ಒಂದು ಬಾವಿಯ ಮೆಟ್ಟಿಲ ಮೇಲೆ ಕುಳಿತು ಕೇಳಿದ್ದೆ. ಅದನ್ನು ಯಾರಿಗೂ ಪೂರ್ತಿ ಹೇಳಿರಲಿಲ್ಲ, ಅವನ ಅಜ್ಜಿಗೂ.

ನಾನು ಹುಟ್ಟಿದ್ದು ಮೂಡಲಗಿ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಮೂಡಲಗಿ ಗೋಕಾಕ ತಾಲ್ಲೂಕಿನೊಳಗೇ ಇತ್ತು. ತಾನೇ ತಾಲ್ಲೂಕಾದದ್ದು ತೀರ ಈಚೆಗೆ. ಊರ ಹೊರಗೆ ಒಂದು ದೊಡ್ಡ ಚೌಕದ ಬಾವಿ. ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಉಳಿದ ಮೂರು ಬದಿಗೆ ಗೋಡೆ. ಗೋಡೆಯಿಂದ ಗೋಡೆಗೆ ಸುಮಾರು ಮೂವತ್ತು ಅಡಿ ಅಂತ ದೊಡ್ಡವರು ಹೇಳುತ್ತಿದ್ದರು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುವುದು, ಒಂದು ದಿನ ಯಾರೋ ಅಣ್ಣಂದಿರು ಬುರುಡೆ ಬಿಚ್ಚಿ ತಳ್ಳಿಬಿಡುವುದು. ಆ ಕಾಲದ ತರಬೇತಿ ಅಷ್ಟೇ.

ಆ ಬಾವಿಗೆ ಒಬ್ಬ ಮುದುಕ ಬರುತ್ತಿದ್ದ. ಬಿಂದಿಗೆ, ಕೊಡ, ಹಗ್ಗ ಬಾವಿಗೆ ಬಿದ್ದರೆ ಮೊದಲು ಪಾತಾಳಗರಡಿ ಇಳಿಸಿ ಹುಡುಕುತ್ತಿದ್ದರು. ಅದಕ್ಕೂ ಸಿಗದಿದ್ದರೆ ಅವನಿಗೆ ಹೇಳಿಕಳಿಸುತ್ತಿದ್ದರು. ಅವನು ಬಂದವನೇ ನೀರಿಗೆ ಹಾರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕಾಲು ನೀರಿಗೆ ಬಿಟ್ಟು, ಮುಖಕ್ಕೆ ನಾಲ್ಕು ಸಲ ನೀರು ಹಾಕಿಕೊಂಡು ಸುಮ್ಮನೆ ಇರುತ್ತಿದ್ದ. ನಿದ್ದೆ ಬಂತೇನೋ ಅನ್ನುವಷ್ಟು ಹೊತ್ತು. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಮಗನ ಕೈಗೆ ಕೊಟ್ಟು, ಒಂದೇ ಒಂದು ಉದ್ದ ಉಸಿರು ಎಳೆದು ಇಳಿಯುತ್ತಿದ್ದ. ಮಗ ಯಾರ ಜೊತೆಗೂ ಮಾತಾಡುವ ಹಾಗಿಲ್ಲ. ಒಮ್ಮೆ ಅವನು ಯಾರಿಗೋ ಬೀಡಿಗೆ ಬೆಂಕಿ ಕೊಡಲು ತಿರುಗಿದ್ದಕ್ಕೆ ಮುದುಕ ಮೇಲೆ ಬಂದವನೇ ಎಲ್ಲರೆದುರು ಕಪಾಳಕ್ಕೆ ಬಾರಿಸಿದ್ದನ್ನು ನಾನೇ ನೋಡಿದ್ದೇನೆ. ನಮಗೆ ಆಗ ನಗು ಬಂದಿತ್ತು.

ನಮ್ಮ ಆಟದ ಹೆಸರು 'ಗ್ವಾಡಿ ಮುಟ್ಟೂದು'. ನೀರಿನೊಳಗೇ ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ತಿರುಗಿ ಈ ಗೋಡೆಗೆ. ತಲೆ ಮೇಲೆ ಬಂದರೆ ಔಟು. ಬಹಳ ಹುಡುಗರಿಗೆ ಎರಡು ಗೋಡೆ. ನನಗೆ ಒಂದೂವರೆ. ಮೂರು ಗೋಡೆ ಮುಟ್ಟುತ್ತಿದ್ದವನು ಒಬ್ಬನೇ, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ. ನನಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು, ಈಜು ಅಷ್ಟಕ್ಕಷ್ಟೆ. ಹಾಗಾಗಿ ಎಣಿಸುವ ಕೆಲಸ ನನ್ನದು. ಮುಂದೆ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಮಾಡಿದ್ದೂ ಅದನ್ನೇ ಬಿಡಿ.

1962ರ ಬೇಸಿಗೆ. ಪಕ್ಕದ ಹಳ್ಳಿಯ ಹುಡುಗನೊಬ್ಬ ನಾಲ್ಕು ಗೋಡೆ ಮುಟ್ಟಿದನಂತೆ ಎಂಬ ಸುದ್ದಿ ಬಂತು. ಗೆಳೆಯ ಐದು ಮುಟ್ಟಿ ತೋರಿಸುತ್ತೇನೆಂದ. ಮೆಟ್ಟಿಲ ಮೇಲೆ ನಿಂತು ಬುಸ್ ಬುಸ್ ಎಂದು ಉಸಿರಾಡಿದ. ಅದನ್ನು ಅವನಿಗೆ ಯಾರು ಕಲಿಸಿದ್ದರೋ. ತಲೆ ಜುಮ್ಮೆನ್ನುತ್ತದೆ ಅಂದ, ನಕ್ಕ, ಮುಳುಗಿದ.

ಒಂದು. ಎರಡು. ಮೂರು. ನಾಲ್ಕನೆಯ ಗೋಡೆಯನ್ನೂ ಮುಟ್ಟಿ ತಿರುಗಿದ. ನಾವು ಹುಚ್ಚೆದ್ದು ಕೂಗುತ್ತಿದ್ದೆವು. ನೀರು ತಿಳಿಯಾಗಿತ್ತು, ಅವನ ಬೆನ್ನು ಕಾಣುತ್ತಿತ್ತು. ಐದನೆಯದರ ನಡುವೆ ಅವನ ಕೈಕಾಲು ನಿಂತವು. ಒದ್ದಾಟವಿಲ್ಲ, ಗುಳ್ಳೆಯಿಲ್ಲ, ಕೈ ಬೀಸಲಿಲ್ಲ. ಸುಮ್ಮನೆ ತೇಲಿದ ಹಾಗೆ ನಿಂತುಬಿಟ್ಟ. ಮುಳುಗುವವನು ಕೈಕಾಲು ಬಡಿಯುತ್ತಾನೆ, ಕೂಗುತ್ತಾನೆ ಎಂದು ನಾವೆಲ್ಲ ತಿಳಿದಿರುತ್ತೇವಲ್ಲ? ಅಲ್ಲಿ ಹಾಗೇನೂ ಇರಲಿಲ್ಲ.

ನಾನು ಆಗ ಏನು ಮಾಡುತ್ತಿದ್ದೆ ಎಂಬುದನ್ನೇ ಯಾರಿಗೂ ಹೇಳಿರಲಿಲ್ಲ. ನಾನು 'ನಾಲ್ಕೂವರೆ' ಎಂದು ಕೂಗಿದೆ. ಈ ಅರ್ಧವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂದು ಪಕ್ಕದವನ ಜೊತೆ ವಾದಕ್ಕೆ ಇಳಿದೆ. ಗೆಳೆಯ ನೀರಿನೊಳಗೆ ನಿಂತಿದ್ದ. ನಾನು ಮೆಟ್ಟಿಲ ಮೇಲೆ ಅವನ ದಾಖಲೆ ಬರೆಯುತ್ತಿದ್ದೆ.

ಮೇಲೆ ಎತ್ತಿಗೆ ನೀರು ಕುಡಿಸಲು ಬಂದಿದ್ದವನು ಆ ಮುಳುಗುವ ಮುದುಕನ ಮಗನೇ. ನಮ್ಮ ಗದ್ದಲ ಕೇಳಿ ಬಗ್ಗಿ ನೋಡಿದ. ನೋಡಿದವನು ಮಾತಾಡಲಿಲ್ಲ, ಉಟ್ಟ ಧೋತರದಲ್ಲೇ ಹಾರಿದ. ಗೆಳೆಯನನ್ನು ಮೆಟ್ಟಿಲಿಗೆ ಎಳೆದು ತಂದಾಗ ಅವನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಯಾರೋ ಕುಂಬಾರನ ಮನೆಗೆ ತಿಗರಿ ತರಲು ಓಡಿದರು. ಮುಳುಗಿದವರನ್ನು ತಿಗರಿಯ ಮೇಲೆ ಹಾಕಿ ತಿರುಗಿಸಿ ನೀರು ಕಕ್ಕಿಸುವುದು ಆಗಿನ ರೂಢಿ. ಈಗಿನ ವೈದ್ಯರು ಅದನ್ನು ಒಪ್ಪುವುದಿಲ್ಲ. ನೀರು ತೆಗೆಯಲು ಹೊತ್ತು ಕಳೆಯಬೇಡಿ, ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಿ ಎನ್ನುತ್ತಾರೆ. ಪುಣ್ಯಕ್ಕೆ ಎರಡೂ ಬೇಕಾಗಲಿಲ್ಲ. ಆ ಅಣ್ಣ ಗಲ್ಲಕ್ಕೆ ತಟ್ಟಿ, ಮುಖಕ್ಕೆ ಗಾಳಿ ಊದಿ, ಹೆಸರು ಹಿಡಿದು ಕೂಗಿದ. ಮೂರನೆಯ ಕೂಗಿಗೆ ಗೆಳೆಯ ದೊಡ್ಡದೊಂದು ಉಸಿರು ಎಳೆದ. ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಮುಟ್ಟಿದ್ನೇನು?"

ಮನೆಯಲ್ಲಿ ಇಬ್ಬರಿಗೂ ಏಟು ಬಿತ್ತು, ಬಾವಿಗೆ ಹೋಗುವುದು ಬಂದಾಯಿತು. ಅಲ್ಲಿಗೆ ಎಲ್ಲರ ಮಟ್ಟಿಗೆ ಮುಗಿಯಿತು. ನನ್ನ ಮಟ್ಟಿಗೆ ಮುಗಿಯಲಿಲ್ಲ. ಮುಂದೆ ಹುಕ್ಕೇರಿಗೆ ವರ್ಗವಾದಾಗ ಸಹೋದ್ಯೋಗಿಗಳು ಭಾನುವಾರ ಹಿಡಕಲ್ ಜಲಾಶಯದ ಕಡೆಗೆ ಹೋಗುತ್ತಿದ್ದರು. ಎಲ್ಲರೂ ಹಿನ್ನೀರಿನಂಚಿಗೆ ಇಳಿದರೆ ನಾನು ಬುತ್ತಿ ಕಾಯುತ್ತ ಕೂರುತ್ತಿದ್ದೆ. ಈಜು ಬರುವುದಿಲ್ಲ ಎಂದು ಸುಳ್ಳು ಹೇಳಿದ್ದೆ.

ಮೊಮ್ಮಗನಿಗೆ ಇಷ್ಟನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅಜ್ಜಾ, ಜೋರಾಗಿ ಉಸಿರಾಡಿದರೆ ಆಕ್ಸಿಜನ್ ಜಾಸ್ತಿ ಆಗಬೇಕಲ್ಲ? ಜಾಸ್ತಿ ಆದರೆ ಒಳ್ಳೇದಲ್ವಾ?" ಎಂದ. ಪ್ರಶ್ನೆ ಸರಿಯಾಗಿತ್ತು. ನನಗೂ ಅದೇ ಅನುಮಾನ ಎಷ್ಟೋ ವರ್ಷ ಇತ್ತು. ಆಮೇಲೆ ಪರಿಚಯದ ವೈದ್ಯರೊಬ್ಬರು ಬಿಡಿಸಿ ಹೇಳಿದ್ದರು. ಬಿ.ಕಾಂ. ಓದಿದವನಿಗೆ ತಿಳಿದ ಹಾಗೆ ಅವನಿಗೆ ಹೇಳಿದೆ.

ನಾವು ಒಳಗೆಳೆಯುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಆರೋಗ್ಯವಂತರ ರಕ್ತ ಮಾಮೂಲಿ ಉಸಿರಾಟದಲ್ಲೇ ಹೆಚ್ಚುಕಡಿಮೆ ತುಂಬಿರುತ್ತದೆ, ನೂರಕ್ಕೆ 97, 98ರಷ್ಟು. ತುಂಬಿದ ಕೊಡಕ್ಕೆ ಇನ್ನಷ್ಟು ಸುರಿದರೆ ಚೆಲ್ಲುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಹಾಗಾದರೆ ಬುಸ್ ಬುಸ್ ಎಂದಾಗ ಬದಲಾಗುವುದು ಏನು? ರಕ್ತದಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗುತ್ತದೆ. 'ಇನ್ನು ತಡೆಯಲಾರೆ, ಉಸಿರು ಬೇಕು' ಎಂದು ಎದೆ ಬಡಿದುಕೊಳ್ಳುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದಕ್ಕೆ ಅಲ್ಲ, ಈ ಇಂಗಾಲದ ಡೈ ಆಕ್ಸೈಡ್ ಹೆಚ್ಚಾದದ್ದಕ್ಕೆ.

"ನಮ್ಮ ಬ್ಯಾಂಕಿನಾಗ ಖಾತೆದಾಗಿನ ರೊಕ್ಕ ಕಡಿಮಿ ಆದ್ರ ನೋಟಿಸು ಕಳಸ್ತಿದ್ವಿ. ಒಬ್ಬ ಆಸಾಮಿ ಏನ್ ಮಾಡಿದ ಅಂತ ತಿಳ್ಕೋ. ಅಂಚೆಯವಂಗ ಹೇಳಿ, ನೋಟಿಸು ನನಗ ಮುಟ್ಟಿಸಬ್ಯಾಡ ಅಂದ. ನೋಟಿಸು ಬರಲಿಲ್ಲ. ಅವನ ರೊಕ್ಕ ಏನ್ ಉಳೀತೇನು?"

"ಇಲ್ಲ. ಖರ್ಚು ಆಗ್ತಾನೇ ಇರ್ತದೆ."

"ಅವಂಗ ಗೊತ್ತಾಗೂದು ಯಾವಾಗ?"

"ಖಾತೆ ಸೊನ್ನೆ ಆದಾಗ."

ನೀರಿನೊಳಗೆ ಖಾತೆ ಸೊನ್ನೆಯ ಹತ್ತಿರ ಬರುವ ಮೊದಲೇ ಎಚ್ಚರ ತಪ್ಪುತ್ತದೆ. ನೋವಿಲ್ಲ, ಸೂಚನೆಯಿಲ್ಲ, ದೀಪ ಆರಿದ ಹಾಗೆ. ಎದೆಯ ಮಟ್ಟದ ನೀರಿನಲ್ಲೂ, ಚೆನ್ನಾಗಿ ಈಜು ಬಲ್ಲವರಿಗೂ ಹೀಗಾಗುತ್ತದೆ. ಅವರಿಗೇ ಹೆಚ್ಚು, ಏಕೆಂದರೆ ಹಟ ಹಿಡಿಯುವವರು ಅವರೇ. ನನ್ನ ಗೆಳೆಯನ ತಲೆ ಜುಮ್ಮೆಂದದ್ದು ಶಕ್ತಿ ಬಂದದ್ದರ ಗುರುತಾಗಿರಲಿಲ್ಲ.

ಮೊಮ್ಮಗ ಹಟ ಬಿಡುವ ಪೈಕಿ ಅಲ್ಲ, ಬಿಡಬೇಕೆಂದು ನಾನೂ ಹೇಳಲಿಲ್ಲ. ನೀರಿನೊಳಗೆ ದೂರ ಹೋಗಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ನಮ್ಮ ಘಟಪ್ರಭೆಯ ದಂಡೆಯಲ್ಲೇ, ಇಲ್ಲಿಂದ ಕೆಳಗೆ ಮುಧೋಳದಲ್ಲಿ ಹುಟ್ಟಿದ ರನ್ನ ಕವಿ ಸಾವಿರ ವರ್ಷದ ಹಿಂದೆ ದುರ್ಯೋಧನನನ್ನು ವೈಶಂಪಾಯನ ಸರೋವರದಲ್ಲಿ ಮುಳುಗಿಸಿ ಕೂರಿಸಿದ. ಅವನಿಗೆ ಜಲಮಂತ್ರ ಗೊತ್ತಿತ್ತು, ಉಸಿರಿನ ಚಿಂತೆಯಿರಲಿಲ್ಲ. ಆದರೂ ಭೀಮನ ಬೈಗುಳ ತಡೆಯಲಾರದೆ ಮೇಲೆದ್ದು ಬಂದ.

1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದೊಂದು ಸ್ಪರ್ಧೆಯೇ ಆಗಿತ್ತು ಎಂದರೆ ಮಕ್ಕಳು ನಂಬುವುದಿಲ್ಲ. ಸೇನ್ ನದಿಯಲ್ಲಿ ನಡೆಯಿತು. ನೀರಿನೊಳಗೆ ಈಜಿದ ಪ್ರತಿ ಮೀಟರಿಗೆ ಎರಡು ಅಂಕ, ಒಳಗಿದ್ದ ಪ್ರತಿ ಸೆಕೆಂಡಿಗೆ ಒಂದು ಅಂಕ. ಗೆದ್ದವನು ಫ್ರಾನ್ಸಿನ ಶಾರ್ಲ್ ದ ವಾಂಡವಿಲ್. 60 ಮೀಟರ್, 68 ಸೆಕೆಂಡು ಚಿಲ್ಲರೆ. ಮೂರನೆಯವನಾದ ಡೆನ್ಮಾರ್ಕಿನ ಲೂಕೆಬರ್ಗ್ ಎಂಬಾತ ಅವನಿಗಿಂತ ಹೆಚ್ಚು, ಒಂದೂವರೆ ನಿಮಿಷ ಒಳಗಿದ್ದ. ಆದರೆ ನೆಟ್ಟಗೆ ಹೋಗದೆ ಸುತ್ತು ಹೊಡೆದದ್ದರಿಂದ ಸಿಕ್ಕ ದೂರ 28 ಮೀಟರ್ ಚಿಲ್ಲರೆ ಮಾತ್ರ! ಮೊಮ್ಮಗ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕ. ಆ ಸ್ಪರ್ಧೆಯನ್ನು ಒಲಿಂಪಿಕ್ಸಿನಲ್ಲಿ ಮತ್ತೆ ನಡೆಸಲಿಲ್ಲ.

ಈಗ ಇದಕ್ಕೆ ಫ್ರೀಡೈವಿಂಗ್ ಎನ್ನುತ್ತಾರೆ, ಅದರಲ್ಲಿ ಈಜುಕೊಳದ ದೂರದ ಸ್ಪರ್ಧೆ ಬೇರೆ ಇದೆ. 2016ರಲ್ಲಿ ಫಿನ್ಲೆಂಡಿನ ತುರ್ಕುವಿನಲ್ಲಿ ಪೋಲೆಂಡಿನ ಮಾತೆಯುಷ್ ಮಲೀನ ಮತ್ತು ಗ್ರೀಸಿನ ಯೊರ್ಗೊಸ್ ಪನಯೊಟಾಕಿಸ್ ಇಬ್ಬರೂ ಕಾಲಿಗೆ ಮೀನಿನ ಬಾಲದಂಥ ರೆಕ್ಕೆ ಕಟ್ಟಿಕೊಂಡು ಒಂದೇ ಉಸಿರಿನಲ್ಲಿ 300 ಮೀಟರ್ ಈಜಿದರು. ಮೊಮ್ಮಗನ ಕೊಳದಲ್ಲಾದರೆ ಹನ್ನೆರಡು ಸಲ. 2009ರಲ್ಲಿ ಫ್ರಾನ್ಸಿನ ಸ್ತೆಫಾನ್ ಮಿಫ್‌ಸೂದ್ ಅಲುಗಾಡದೆ ತೇಲಿಕೊಂಡು 11 ನಿಮಿಷ 35 ಸೆಕೆಂಡು ಉಸಿರು ಹಿಡಿದಿದ್ದ. ಇದೆಲ್ಲ ವರ್ಷಗಟ್ಟಲೆ ಅಭ್ಯಾಸದ ಫಲ. ನನಗೆ ಮೆಚ್ಚುಗೆಯಾದದ್ದು ಅವರ ಒಂದು ನಿಯಮ. ಮೇಲೆ ಬಂದ ಸ್ಪರ್ಧಿ 15 ಸೆಕೆಂಡಿನೊಳಗೆ ಮುಖದ ಕನ್ನಡಕ ತೆಗೆದು, ಕೈಸನ್ನೆ ಮಾಡಿ, 'ನಾನು ಸರಿಯಾಗಿದ್ದೇನೆ' ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಎಷ್ಟು ದೂರ ಈಜಿದ್ದರೂ ಅನೂರ್ಜಿತ. ಎಚ್ಚರ ತಪ್ಪುವುದು ಎಷ್ಟೋ ಸಲ ಮೇಲೆ ಬಂದ ಮೇಲೆ, ಮೊದಲ ಕೆಲವು ಸೆಕೆಂಡುಗಳಲ್ಲಿ.

ಹೊಟ್ಟೆಪಾಡಿಗೆ ಮುಳುಗುವವರಿಗೆ ಇದು ಮೊದಲೇ ತಿಳಿದಿತ್ತು. ಮನ್ನಾರ್ ಕೊಲ್ಲಿಯಲ್ಲಿ ಮುತ್ತಿಗಾಗಿ ಮುಳುಗುವವನು ಕಲ್ಲು ಕಟ್ಟಿದ ಹಗ್ಗ ಹಿಡಿದು ಇಳಿದರೆ ದೋಣಿಯಲ್ಲಿ ಅವನಿಗಾಗಿಯೇ ಒಬ್ಬ ನಿಂತಿರುತ್ತಿದ್ದ. ಜಪಾನಿನಲ್ಲಿ 'ಅಮಾ' ಎಂಬ ಹೆಂಗಸರು ಸಮುದ್ರಕ್ಕೆ ಮುಳುಗಿ ಚಿಪ್ಪು ತರುತ್ತಾರೆ. ದೋಣಿಯಿಂದ ಮುಳುಗುವವಳ ಹಗ್ಗ ಹಿಡಿಯುವವನು ಸಾಮಾನ್ಯವಾಗಿ ಅವಳ ಗಂಡ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, "ನಿಮ್ಮ ಕೈಯಾಗ ಹಗ್ಗ ಕೊಟ್ಟ ನಾ ಮುಳುಗಾಕಿ ಅಲ್ಲವಾ ತಾಯಿ" ಎಂದಳು. ಇಂಡೋನೇಷ್ಯಾ ಕಡೆಯ ಬಜಾವ್ ಜನರ ಗುಲ್ಮ ನೆರೆಯ ಊರಿನವರದಕ್ಕಿಂತ ಅರ್ಧಪಟ್ಟು ದೊಡ್ಡದು ಎಂದು 2018ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಗುಲ್ಮ ರಕ್ತದ ಗೋದಾಮು ಇದ್ದ ಹಾಗೆ. ಮುಳುಗಿದಾಗ ಅದು ಕುಗ್ಗಿ, ಕೂಡಿಟ್ಟ ರಕ್ತಕಣಗಳನ್ನು ಹೊರಗೆ ಬಿಡುತ್ತದೆ. ತಣ್ಣೀರು ಮುಖಕ್ಕೆ ತಾಗಿದರೆ ನಾಡಿ ನಿಧಾನವಾಗುವುದು ಎಲ್ಲರಿಗೂ ಇರುವ ಗುಣ. ನಮ್ಮೂರ ಮುದುಕ ಮುಖಕ್ಕೆ ನೀರು ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದದ್ದರ ಗುಟ್ಟು ನನಗೆ ತಿಳಿದದ್ದು ಆಗ.

ರಜೆ ಮುಗಿಯುವ ಮೊದಲು ಮೊಮ್ಮಗ ಬಾವಿ ನೋಡಬೇಕೆಂದ. ಬಸ್ಸು ಹಿಡಿದು ಹೋದೆವು. ಈಗ ಎಲ್ಲರದೂ ಬೋರ್‌ವೆಲ್. ಬಾವಿಯಲ್ಲಿ ಪ್ಲಾಸ್ಟಿಕ್ ಬಾಟಲಿ, ಮುಳ್ಳುಕಂಟಿ, ತಳದಲ್ಲಿ ಹಸಿರು ನೀರು. ಆದರೂ ಗೋಡೆ ಗಟ್ಟಿಯಾಗಿದ್ದವು. ಅವನು ದಂಡೆಯ ಮೇಲೆ ಹೆಜ್ಜೆ ಹಾಕಿ ಅಳೆದು, ಒಂದು ಗೋಡೆಯಿಂದ ಇನ್ನೊಂದಕ್ಕೆ ಒಂಬತ್ತು ಮೀಟರ್ ಇರಬಹುದು ಎಂದ. ಮನಸ್ಸಿನಲ್ಲೇ ನಾಲ್ಕೂವರೆಯಿಂದ ಗುಣಿಸಿದ. "ನಲವತ್ತು ಮೀಟರ್! ಬರೀ ಕಾಲಲ್ಲಿ!" ಎಂದು ಬಾಯಿ ತೆರೆದ. ಆ ಬೆರಗು ನೋಡಿ ನನಗೆ ಮತ್ತೆ ಭಯವಾಯಿತು.

ಗೆಳೆಯ ಅಲ್ಲೇ ಇದ್ದಾನೆ, ಕಬ್ಬಿನ ಹೊಲದ ಮನೆಯಲ್ಲಿ. ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದಾನೆ. ಚಹಾ ಕುಡಿಯುತ್ತ, ಅರವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿದೆ. ನೀನು ನಿಂತದ್ದನ್ನು ನಾನು ನೋಡಿದ್ದೆ, ನೋಡಿಯೂ ಕೂಗಲಿಲ್ಲ, ಅರ್ಧ ಗೋಡೆಯ ಲೆಕ್ಕಕ್ಕೆ ಜಗಳಾಡುತ್ತ ಕುಳಿತಿದ್ದೆ ಎಂದೆ. ನನ್ನ ದನಿ ನಡುಗಿತು. ಅವನು ಬಸಿಯಲ್ಲಿದ್ದ ಚಹಾ ಪೂರ್ತಿ ಹೀರಿ ಕೆಳಗಿಟ್ಟ.

"ಅಂದ್ರ ಐದು ಮುಟ್ಟಲಿಲ್ಲ ನಾ?"

"ಇಲ್ಲ. ನಾಲ್ಕೂವರೆ."

"ಇಷ್ಟ ವರ್ಷ ಎಲ್ಲಾರಿಗೂ ಐದು ಅಂತ ಹೇಳ್ಕೋತ ಬಂದೀನಲ್ಲೋ ಮಾರಾಯಾ!" ಎಂದು ನಕ್ಕ. ನಾನೂ ನಕ್ಕೆ. ಹೊರಡುವಾಗ ಮಾತ್ರ ಬಾಗಿಲ ತನಕ ಬಂದು ನನ್ನ ಮೊಮ್ಮಗನ ಭುಜ ಹಿಡಿದ. "ನನಗ ಏನೂ ಆಗಿಲ್ಲ ಅಂತ ಅನಿಸಿತ್ತು, ತಮ್ಮಾ. ಬಾಳ ಹಗುರ ಅನಿಸಿತ್ತು. ಅದಕ್ಕ ಹೆದರಬೇಕು" ಎಂದ.

ಜೂನ್ ಮೊದಲ ವಾರ ನಾನೇ ಬೆಳಗಾವಿಗೆ ಹೋದೆ. ತರಬೇತುದಾರರಿಗೆ ಮೊಮ್ಮಗ ಎಲ್ಲ ಹೇಳಿದ್ದ. ಅವರು ಗದರಲಿಲ್ಲ, ನಿಯಮ ಹಾಕಿದರು. ಬುಸ್ ಬುಸ್ ಬಂದ್. ಮೊದಲು ಎರಡು ನಿಮಿಷ ಅಂಚು ಹಿಡಿದು ಮಾಮೂಲಿ ಉಸಿರಾಟ. ಒಬ್ಬ ಒಳಗೆ ಹೋದರೆ ಇನ್ನೊಬ್ಬ ಮೇಲೆ, ಕಣ್ಣು ಕದಲಿಸದೆ. ಇಬ್ಬರೂ ಒಟ್ಟಿಗೆ ಮುಳುಗುವ ಹಾಗಿಲ್ಲ, ಪಂದ್ಯ ಕಟ್ಟುವ ಹಾಗಿಲ್ಲ, ತಾವು ನೀರಿನಲ್ಲಿ ಇಲ್ಲದಾಗ ಪ್ರಯತ್ನವೇ ಇಲ್ಲ. ಎದೆ ಬಡಿದುಕೊಂಡರೆ ಅದೇ ನೋಟಿಸು, ಮೇಲೆ ಬರಬೇಕು. (ನನ್ನ ನೋಟಿಸಿನ ಮಾತು ಅಲ್ಲಿಗೂ ತಲುಪಿತ್ತು!) ಆಮೇಲೆ ಉಸಿರಿನ ಮಾತು ಬಿಟ್ಟು ಮೈಯ ಭಂಗಿ ತಿದ್ದಿದರು. ಗೋಡೆಗೆ ಒದ್ದಾಗ ಕೈ ಎರಡೂ ಮುಂದೆ, ಕಿವಿಗೆ ಒತ್ತಿ, ಗದ್ದ ಎದೆಯ ಕಡೆ. ಒಂದು ಸಲ ಕೈ ಹೊಡೆದರೆ ಜಾರುವಷ್ಟು ಹೊತ್ತು ಜಾರಬೇಕು, ಆಮೇಲೆ ಇನ್ನೊಂದು. ಅವಸರ ಮಾಡಿದರೆ ತೊಡೆಯ ಸ್ನಾಯುಗಳೇ ಇದ್ದ ಆಮ್ಲಜನಕ ತಿಂದುಬಿಡುತ್ತವೆ. ಹನ್ನೆರಡು ಮೀಟರ್ ಹೋಗು, ಪೂರ್ತಿ ಸುಧಾರಿಸಿಕೋ, ಮತ್ತೆ ಹನ್ನೆರಡು. ಅದು ಸಲೀಸಾದ ಮೇಲೆ ಒಂದು ಮೀಟರ್ ಹೆಚ್ಚು. ಮೂರು ವಾರದಲ್ಲಿ ಅವನು ಎದೆ ಬಡಿದುಕೊಳ್ಳದೆಯೇ ಹದಿನೆಂಟರ ಗೆರೆ ದಾಟಿದ.

ಜೂನ್ ಕೊನೆಯ ಭಾನುವಾರ. ತರಬೇತುದಾರರು ನೀರಿನಲ್ಲಿ ಅವನ ಪಕ್ಕಕ್ಕೇ ಇದ್ದರು. ನಾನು ದಂಡೆಯ ಮೇಲೆ, ಚಪ್ಪಲಿ ಬಿಟ್ಟು, ಅವನ ನೆರಳಿನ ಜೊತೆ ನಡೆಯುತ್ತಿದ್ದೆ. ಕೈಯಲ್ಲಿ ಅವನೇ ಕೊಟ್ಟ ಸ್ಟಾಪ್‌ವಾಚ್. ನೀಲಿ ನೀರಿನಲ್ಲಿ ಅವನ ಬೆನ್ನು ಜಾರಿತು, ನಿಂತಿತು ಅನ್ನಿಸಿತು, ನನ್ನ ಎದೆ ಧಸಕ್ಕೆಂದಿತು, ಆಗ ಕೈ ಬಿಚ್ಚಿತು, ಮತ್ತೆ ಜಾರಿತು. ಹಾಗೆ ಎಷ್ಟು ಸಲವೋ. ಕೊನೆಗೆ ಬೆರಳು ಆಚೆ ಗೋಡೆಯ ಹಂಚಿಗೆ ತಾಗಿತು. ತಲೆ ಎತ್ತಿದ, ಎರಡು ಉಸಿರು ಎಳೆದ, ಕನ್ನಡಕ ತೆಗೆದು ಕೈಸನ್ನೆ ಮಾಡಿ, "ಸರಿ ಇದ್ದೀನಿ" ಎಂದ. ತರಬೇತುದಾರರು ಅರ್ಧ ನಿಮಿಷ ಅವನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ.

"ಎಷ್ಟು ಸೆಕೆಂಡ್ ಅಜ್ಜಾ?"

ಸ್ಟಾಪ್‌ವಾಚ್ ನೋಡಿದೆ. ಸೊನ್ನೆಯಲ್ಲೇ ಇತ್ತು. ಗುಂಡಿ ಒತ್ತಿರಲಿಲ್ಲ.

ಮೂವತ್ತೈದು ವರ್ಷ ಲೆಕ್ಕ ಬರೆದವರು ಹೀಗೆ ಮಾಡಬಹುದಾ ಎಂದು ಅವನು ಮನೆ ತಲುಪುವ ತನಕ ಮುಖ ಊದಿಸಿಕೊಂಡಿದ್ದ. ಗೋಕಾಕದಿಂದ ಅವನ ಅಜ್ಜಿ ಕಟ್ಟಿ ಕಳಿಸಿದ್ದ ಕರದಂಟಿನ ಡಬ್ಬಿ ತೆರೆದ ಮೇಲೆ ಸ್ವಲ್ಪ ಇಳಿಯಿತು.